ಚಂಕ್ರಮಣ ವಿಚಾರ

ಅರಣ್ಯದಲ್ಲಿ ಮೆಲ್ಲನೆ, ಅವಧಾನದಿಂದ ನಡೆದಾಡಿ ದೇಹಮನಸ್ಸುಗಳ ಸ್ವಾಸ್ಥ್ಯವನ್ನು ಪಡೆಯುವ ಕ್ರಮವು ಈಗ ಅನೇಕ ದೇಶಗಳಲ್ಲಿ ಪ್ರಚಾರಕ್ಕೆ ಬಂದಿದೆ. ಇದಕ್ಕೆ ‘ಶಿನ್‌ರಿನ್ ಯೋಕು’, ಎಂದರೆ ಅರಣ್ಯಸ್ನಾನ, ಎಂಬ ಹೆಸರನ್ನು 1982ರಲ್ಲಿ ಜಪಾನಿನ ಅರಣ್ಯ ಇಲಾಖೆಯು ಬಳಕೆಗೆ ತಂದಿತು. ಇದು ಕೇವಲ ಪರದೇಶದ ನೂತನ ಕಲ್ಪನೆಯೆಂಬುದು ಒಂದು ಪಕ್ಷ. ನಮ್ಮ ಕಾವ್ಯಗಳ ವನವಿಹಾರವೇ ಇದೆಂಬುದು ಇನ್ನೊಂದು ಪಕ್ಷ. ಎರಡೂ ವಿಚಾರಕ್ಕೆ ನಿಲ್ಲಲಾರವೆಂದು ನಮಗೆ ತೋರುತ್ತದೆ.

ಎರಡನೆಯ ಪಕ್ಷವನ್ನು ಮೊದಲು ಪರಿಶೀಲಿಸೋಣ. ದಂಡಿಯು ಮಹಾಕಾವ್ಯಲಕ್ಷಣವನ್ನು ಹೇಳುವಾಗ ಉದ್ಯಾನಕ್ರೀಡೆಯನ್ನು ಜಲಕ್ರೀಡೆ, ಮಧುಪಾನಗಳೊಡನೆ ಎಣಿಸಿದ್ದಾನೆ. ನಮ್ಮ ಚಂಪೂಕವಿಗಳ ವನವಿಹಾರವೂ ಈ ಜಾತಿಯದೇ. ಅಲ್ಲಿ ಪರಿವಾರವುಂಟು, ಹೂ ತಿರಿಯುವ ಸಂಭ್ರಮವುಂಟು, ಶೃಂಗಾರವುಂಟು. ಸ್ವಾಸ್ಥ್ಯವು ಅದರ ಪ್ರಯೋಜನವಲ್ಲ. ಸ್ಥಳವೊಂದೇ ಆದ ಮಾತ್ರಕ್ಕೆ ಕ್ರಿಯೆಯೂ ಒಂದೇ ಆಗದು.

ಈ ನಡೆಗೆ ತಕ್ಕ ಪ್ರಾಚೀನಶಬ್ದವು ಚಂಕ್ರಮಣ. ಗತ್ಯರ್ಥಕ ಧಾತುಗಳಿಗೆ ಯಙ್ ಪ್ರತ್ಯಯವು ಕೌಟಿಲ್ಯಾರ್ಥದಲ್ಲಿಯೇ ಬರುವುದೆಂದು ಪಾಣಿನಿಯು ವಿಧಿಸಿದ್ದಾನೆ. ಆದುದರಿಂದ ಇದು ಊರು ಸೇರಲು ನೇರವಾಗಿ ಸಾಗುವ ನಡೆಯಲ್ಲ. ಬಳಸಿ ಬಳಸಿ ಅಡ್ಡಾಡುವ ನಡೆ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯವು ಈ ಭೇದವನ್ನು ಸ್ಪಷ್ಟಪಡಿಸುತ್ತದೆ. ದಾರಿನಡೆಯಾದ ಅಧ್ವವು ಮೈಬಣ್ಣವನ್ನೂ ಸೌಕುಮಾರ್ಯವನ್ನೂ ಕೆಡಿಸುವುದು. ದೇಹವನ್ನು ಅತಿಯಾಗಿ ಪೀಡಿಸದ ಚಂಕ್ರಮಣವಾದರೋ ಆಯುಸ್ಸು, ಬಲ, ಮೇಧೆ, ಅಗ್ನಿಗಳನ್ನು ಕೊಟ್ಟು ಇಂದ್ರಿಯಗಳನ್ನು ಎಚ್ಚರಿಸುವುದು.

ಬೌದ್ಧರಲ್ಲಿ ಇದೇ ಶಬ್ದವು ‘ಚಂಕಮ’ವೆಂಬ ಪಾಳಿರೂಪದಿಂದ ಸಾಧನೆಯ ಅಂಗವಾಯಿತು. ಅಂಗುತ್ತರನಿಕಾಯವು ಇದಕ್ಕೆ ಐದು ಫಲಗಳನ್ನು ಹೇಳುತ್ತದೆ: ಪ್ರಯಾಣಶಕ್ತಿ, ಪ್ರಯತ್ನಶಕ್ತಿ, ಆರೋಗ್ಯ, ಅನ್ನದ ಪಚನ, ಬಹುಕಾಲ ನಿಲ್ಲುವ ಸಮಾಧಿ. ಬುದ್ಧನು ನಡೆದಾಡಿದನೆಂದು ನಂಬಲಾದ ಚಂಕ್ರಮಣದ ಜಗಲಿಯು ಬೋಧಗಯೆಯ ಮಹಾಬೋಧಿ ದೇವಾಲಯದ ಉತ್ತರಪಾರ್ಶ್ವದಲ್ಲಿ ಇಂದಿಗೂ ಇದೆ. ಕನ್ನಡನಾಡಿಗೆ ಚಿರಪರಿಚಿತರಾದ ಜೈನಮುನಿಗಳ ಈರ್ಯಾಸಮಿತಿಯಲ್ಲಿಯೂ ಅವಧಾನವುಂಟು; ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ಹೆಜ್ಜೆಯಿಡಬೇಕು. ಆದರೆ ಅದರ ಪ್ರಯೋಜನವು ಜೀವದಯೆ, ಸ್ವಾಸ್ಥ್ಯವಲ್ಲ.

ಇಷ್ಟರಿಂದ ಮೊದಲನೆಯ ಪಕ್ಷವೂ ಶಿಥಿಲವಾಗುತ್ತದೆ. ಆದರೂ ಎಲ್ಲವೂ ನಮ್ಮಲ್ಲಿತ್ತೆಂದು ಹೆಮ್ಮೆಪಡುವುದು ಯುಕ್ತವಲ್ಲ. ಸುಶ್ರುತನ ಆ ವಚನದಲ್ಲಿ ಅರಣ್ಯದ ಪ್ರಸ್ತಾಪವಿಲ್ಲ. ಚಂಕಮದ ಐದು ಫಲಗಳಲ್ಲಿಯೂ ಇಲ್ಲ. ಮಂದಗಮನದ ಗುಣವನ್ನು ನಮ್ಮವರು ಕಂಡಿದ್ದರು. ಮರಗಳ ಸನ್ನಿಧಿಯನ್ನೇ ಔಷಧವೆಂದೆಣಿಸಿ, ನಾಡಿಯ ಗತಿ, ರಕ್ತದ ಒತ್ತಡಗಳನ್ನು ಅಳೆದು ಪರೀಕ್ಷಿಸುವ ಪದ್ಧತಿಯನ್ನು ಬೆಳೆಸಿದ ಶ್ರೇಯಸ್ಸು ಜಪಾನೀಯರಿಗೆ ಸಲ್ಲಬೇಕು. ಆದಕಾರಣ ಕನ್ನಡದಲ್ಲಿ ಇದನ್ನು ‘ವನವಿಹಾರ’ವೆನ್ನದೆ ‘ವನಚಂಕ್ರಮಣ’ವೆಂದರೆ ಎರಡು ಋಣಗಳೂ ಒಂದೇ ಪದದಲ್ಲಿ ಸಂದಂತಾಗುವುದು, ಕಾವ್ಯಪಾಠದಲ್ಲಿ ವಿದ್ಯಾರ್ಥಿಗೆ ಅರ್ಥಭ್ರಾಂತಿಯೂ ಉಂಟಾಗದು. ಬಲ್ಲವರು ವಿಮರ್ಶಿಸಿ ನಿರ್ಣಯಿಸಬೇಕು.