ರಕ್ಕಸ

ಸಂಸ್ಕೃತದ ‘ರಾಕ್ಷಸ’ದ ತದ್ಭವ. ಬ್ರಹ್ಮ ನೀರನ್ನು ಸೃಷ್ಟಿಸಿ ಕಾಯಲು ಹೇಳಿದಾಗ ‘ರಕ್ಷಿಸುತ್ತೇವೆ’ ಎಂದವರೇ ರಾಕ್ಷಸರಾದರೆಂಬುದು ರಾಮಾಯಣದ ಉತ್ತರಕಾಂಡದ ಕಥೆ. ಭಾಷಾಶಾಸ್ತ್ರ ಒಪ್ಪಲಿ ಬಿಡಲಿ, ಕೇಡಿಗನಿಗೂ ಒಂದು ಹುಟ್ಟುಕಥೆ ಕಟ್ಟುವ ಚಟ ಹಳೆಯದೇ.

ಜೈನ ರಾಮಾಯಣಗಳಲ್ಲಿ ಇದು ವಿದ್ಯಾಧರರ ಒಂದು ವಂಶದ ಹೆಸರಷ್ಟೇ, ಕೋರೆಹಲ್ಲೇನೂ ಇಲ್ಲ. ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’ದಲ್ಲಿ ರಾವಣ ಸೀತೆಯನ್ನು ಕದ್ದೊಯ್ದ ತಪ್ಪಿಗೆ ಒಳಗೇ ಬೇಯುತ್ತಾನೆ. ಆದರೂ ಯುದ್ಧದಲ್ಲಿ ಗೆದ್ದ ಮೇಲೆಯೇ ಒಪ್ಪಿಸುವೆನೆಂಬ ಹಮ್ಮು ಬಿಡಲೊಲ್ಲ. ಅವನಿಗಾಗಿ ನಮ್ಮನ್ನು ಮರುಗಿಸಿದ ಕವಿ ಲಕ್ಷ್ಮಣನ ಕೈಯಲ್ಲಿ ಅವನನ್ನು ಕೊಲ್ಲಿಸಿಯೂ ಬಿಡುತ್ತಾನೆ. ಬಾಲ್ಯದ ನೋವು ತೋರಿಸಿ ಕೊಲೆಗಳನ್ನೆಲ್ಲ ಮಾಫಿ ಮಾಡಿಸುವ ಕೆಲವು ಹಾರರ್ ಸಿನಿಮಾಗಳಿಗೆ ಈ ಬಿಗಿ ಬಂದಿಲ್ಲ.

ಇಂದಿನ ಬಳಕೆಯಲ್ಲಿ ಪದ ಗಾತ್ರಕ್ಕೂ ಸಲ್ಲುತ್ತದೆ: ಪತ್ರಿಕೆಗಳಿಗೆ ಸುನಾಮಿಯೆಂದರೆ ‘ರಕ್ಕಸ ಅಲೆ’.