ಅನುದಾನದ ಷರತ್ತೂ ಆಡಳಿತ ಸಭೆಯ ಹೊಣೆಯೂ: ಕಲ್ಕತ್ತೆಯ ಸೆನೆಟ್, 1922–23

ವಿಶ್ವವಿದ್ಯಾನಿಲಯಗಳ ಚರಿತ್ರೆಯನ್ನು ಬರೆಯುವವರು ಕುಲಪತಿಗಳ ಸಾಧನೆಯನ್ನೂ ಪ್ರಾಧ್ಯಾಪಕರ ಕೀರ್ತಿಯನ್ನೂ ಸಾವಕಾಶವಾಗಿ ವರ್ಣಿಸುವರಾದರೂ, ನಿಯತಕಾಲಕ್ಕೆ ಕಲೆತು ಆಯವ್ಯಯವನ್ನು ಅಂಗೀಕರಿಸಿ, ನೇಮಕಗಳಿಗೆ ಸಮ್ಮತಿಯಿತ್ತು, ನಿಯಮಾವಳಿಯನ್ನು ತಿದ್ದಿ ಏಳುವ ಆಡಳಿತ ಸಭೆಗಳ ವಿಷಯದಲ್ಲಿ ಒಂದೆರಡು ಮಾತಿನಲ್ಲಿ ಮುಗಿಸಿಬಿಡುವುದೇ ವಾಡಿಕೆ. ಸುಭಿಕ್ಷದ ವರ್ಷಗಳ ಮಟ್ಟಿಗೆ ಇದರಿಂದ ದೊಡ್ಡ ನಷ್ಟವೇನೂ ಇಲ್ಲ. ಆದರೆ ಆದಾಯದ ಮೂಲಗಳು ಬತ್ತಿ, ದೇಶದ ರಾಜಕೀಯ ಕದಡಿ, ಸರ್ಕಾರದ ರಚನೆಯೇ ಮಾರ್ಪಡುತ್ತಿರುವ ಕಾಲದಲ್ಲಿ, ಆ ಮೇಜಿನ ಸುತ್ತ ಕುಳಿತವರು ಯಾರ ಪ್ರತಿನಿಧಿಗಳಾಗಿ ಕುಳಿತಿದ್ದಾರೆ, ತಮ್ಮನ್ನು ನೇಮಿಸಿದವರಿಗೋ, ಸಂಬಳ ಬಾರದ ಅಧ್ಯಾಪಕರಿಗೋ, ಇನ್ನೂ ಹುಟ್ಟದ ವಿದ್ಯಾರ್ಥಿಗಳಿಗೋ ಅವರು ಉತ್ತರವಾದಿಗಳು ಎಂಬ ಪ್ರಶ್ನೆಯನ್ನು ಮುಂದೂಡಲು ಬರುವುದಿಲ್ಲ. ಈ ಪ್ರಶ್ನೆಯನ್ನು ನಮ್ಮ ದೇಶದಲ್ಲಿ ಅತ್ಯಂತ ತೀವ್ರವಾಗಿ ಎದುರಿಸಿದ ಸಭೆಯೆಂದರೆ 1922ರ ಕಲ್ಕತ್ತೆಯ ವಿಶ್ವವಿದ್ಯಾನಿಲಯದ ಸೆನೆಟ್ ಎಂದು ನಾನು ತಿಳಿದಿದ್ದೇನೆ.

ಆ ಸೆನೆಟ್ಟಿನ ರಚನೆಯನ್ನು ಮೊದಲು ನೋಡತಕ್ಕದ್ದು. 1857ರಲ್ಲಿ ಸ್ಥಾಪಿತವಾದ ಆ ವಿಶ್ವವಿದ್ಯಾನಿಲಯವನ್ನು ಕರ್ಜನ್ ಪ್ರಭುವಿನ ಸರ್ಕಾರ 1904ರ ಶಾಸನದಿಂದ ಹೊಸದಾಗಿ ಕಟ್ಟಿದಾಗ, ಸೆನೆಟ್ಟಿನ ಸಾಮಾನ್ಯ ಸದಸ್ಯರ ಸಂಖ್ಯೆ 100ನ್ನು ಮೀರಕೂಡದೆಂದೂ ಅವರಲ್ಲಿ ಚುನಾಯಿತರಾಗಿ ಬರತಕ್ಕವರು 20 ಮಂದಿ ಮಾತ್ರವೆಂದೂ ಮಿಕ್ಕವರನ್ನು ಕುಲಾಧಿಪತಿಯೇ ನಾಮಕರಣ ಮಾಡುವುದೆಂದೂ ವಿಧಿಸಲಾಯಿತು. ವಿದ್ಯಾವಂತ ಭಾರತೀಯರು ಇದನ್ನು ಅಂದು ಕಟುವಾಗಿ ವಿರೋಧಿಸಿದರು. ವಿಶ್ವವಿದ್ಯಾನಿಲಯ ಸರ್ಕಾರದ ಒಂದು ಇಲಾಖೆಯಾಗಿ ಪರಿಣಮಿಸುವುದೆಂಬ ಅವರ ಭೀತಿಗೆ ಶಾಸನದ ಅಕ್ಷರದಲ್ಲಿ ಸಕಲ ಆಧಾರವೂ ಇದ್ದಿತು. ಹಾಗಿದ್ದೂ, ಸರ್ಕಾರದ ಹಣವನ್ನು ಸರ್ಕಾರದ ಷರತ್ತಿನ ಮೇಲೆ ಸ್ವೀಕರಿಸಲಾರೆವೆಂದು ಹದಿನೆಂಟು ವರ್ಷಗಳ ತರುವಾಯ ಹೇಳಿದ್ದು ಬಹುಮಟ್ಟಿಗೆ ನಾಮಕರಣದಿಂದಲೇ ತುಂಬಿದ್ದ ಈ ಸಭೆ. ಸದಸ್ಯನು ಯಾವ ಬಾಗಿಲಿನಿಂದ ಒಳಬಂದನೆಂಬುದು ಅವನ ನಡತೆಯನ್ನು ಪೂರ್ಣವಾಗಿ ನಿರ್ಣಯಿಸಲಾರದೆಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ನಮ್ಮ ಶಿಕ್ಷಣ ಚರಿತ್ರೆಯಲ್ಲಿ ದೊರೆಯುವುದು ಕಷ್ಟ.

ಬಿಕ್ಕಟ್ಟಿನ ಬೇರುಗಳು ವಿಸ್ತರಣೆಯಲ್ಲಿದ್ದುವು. 1906ರಿಂದ 1914ರ ವರೆಗೂ, ಮತ್ತೆ 1921ರಿಂದ 1923ರ ವರೆಗೂ ಕುಲಪತಿಯಾಗಿದ್ದ ಆಶುತೋಷ ಮುಖರ್ಜಿಯವರು, ಪರೀಕ್ಷೆ ನಡೆಸಿ ಪದವಿ ಕೊಡುವ ಯಂತ್ರವಾಗಿದ್ದ ಸಂಸ್ಥೆಯನ್ನು ಬೋಧನೆ ಮತ್ತು ಸಂಶೋಧನೆಗಳ ಕ್ಷೇತ್ರವನ್ನಾಗಿ ಪರಿವರ್ತಿಸಲು ಸಂಕಲ್ಪಿಸಿದರು. ತಾರಕನಾಥ ಪಾಲಿತ್, ರಾಸಬಿಹಾರಿ ಘೋಷ್ ಎಂಬ ಇಬ್ಬರು ನ್ಯಾಯವಾದಿಗಳ ಉದಾರ ದತ್ತಿಗಳಿಂದ ವಿಜ್ಞಾನ ಕಾಲೇಜು ತಲೆಯೆತ್ತಿತು. 1917ರ ನಿಯಮಾವಳಿಯಿಂದ ಸ್ನಾತಕೋತ್ತರ ಬೋಧನೆಯೆಲ್ಲವೂ ವಿಶ್ವವಿದ್ಯಾನಿಲಯದ ಕೈಗೆ ಬಂದಿತು. 1919ರಲ್ಲಿ ದೇಶಭಾಷೆಗಳಿಗೆ ಎಂ.ಎ. ತರಗತಿಯ ಗೌರವ ಲಭಿಸಿತು. ಕೇಂದ್ರ ಸರ್ಕಾರದ ಹಣಕಾಸು ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ಸಿ. ವಿ. ರಾಮನ್ ಆ ಹುದ್ದೆಯನ್ನು ತೊರೆದು 1917ರಲ್ಲಿ ಪಾಲಿತ್ ಪೀಠಕ್ಕೆ ಬಂದುದೂ, ಮೇಘನಾದ ಸಾಹಾ ಮತ್ತು ಸತ್ಯೇಂದ್ರನಾಥ ಬೋಸ್ ಎಂಬ ತರುಣರು ಅಧ್ಯಾಪಕರಾಗಿ ನೇಮಕಗೊಂಡುದೂ ಈ ವಿಸ್ತರಣೆಯ ಫಲಗಳೇ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಬೋಧಿಸುತ್ತಿದ್ದ ಸರ್ವಪಲ್ಲಿ ರಾಧಾಕೃಷ್ಣನ್ನರು 1921ರಲ್ಲಿ ಕಲ್ಕತ್ತೆಯ ತತ್ತ್ವಶಾಸ್ತ್ರದ ಪೀಠವನ್ನೇರಿದ್ದು ಸಹ ಆಶುತೋಷರ ಆಹ್ವಾನದಿಂದಲೇ.

ಆದರೆ ಈ ಸೌಧದ ನಿತ್ಯವೆಚ್ಚಕ್ಕೆ ಆಧಾರವಾಗಿದ್ದುದು ಪರೀಕ್ಷಾ ಶುಲ್ಕ. 1920ರ ಕೊನೆಯಲ್ಲಿ ಅಸಹಕಾರದ ಕರೆಗೆ ಓಗೊಟ್ಟು ವಿದ್ಯಾರ್ಥಿಗಳು ಶಾಲಾಕಾಲೇಜುಗಳನ್ನು ಬಿಟ್ಟು ಹೊರಬಂದಾಗ ಆ ಶುಲ್ಕವೇ ಕುಸಿಯಿತು. 1921ರಲ್ಲಿ ಡಾಕಾದಲ್ಲಿ ಹೊಸ ವಿಶ್ವವಿದ್ಯಾನಿಲಯ ತೆರೆಯಲು ಸರ್ಕಾರದ ಗಮನ ಅತ್ತ ಹರಿಯಿತು. 1919ರ ಸುಧಾರಣೆಗಳಿಂದಾಗಿ ಶಿಕ್ಷಣವು ಪ್ರಾಂತದ ಭಾರತೀಯ ಮಂತ್ರಿಯ ವಶಕ್ಕೆ ಬಂದಿತಾದರೂ ಅವರ ಬೊಕ್ಕಸ ಬರಿದಾಗಿತ್ತು. ವೈಸರಾಯರ ಕೈಯಲ್ಲಿದ್ದ ಕುಲಾಧಿಪತಿ ಸ್ಥಾನ ಬಂಗಾಳದ ಗವರ್ನರರಿಗೆ ವರ್ಗವಾಗಿತ್ತು. ಅಧ್ಯಾಪಕರ ವೇತನ ತಿಂಗಳುಗಟ್ಟಲೆ ಬಾಕಿ ನಿಂತಿತು. ಈ ಸ್ಥಿತಿಯಲ್ಲಿ, 1922ರಲ್ಲಿ, ಬಂಗಾಳ ಸರ್ಕಾರ ಎರಡೂವರೆ ಲಕ್ಷ ರೂಪಾಯಿಗಳ ಅನುದಾನವನ್ನು ಮುಂದಿಟ್ಟಿತು. ಅದರ ಜೊತೆಯಲ್ಲಿ ಷರತ್ತುಗಳೂ ಬಂದುವು: ಆಯವ್ಯಯ ಸರಿದೂಗುವ ವರೆಗೆ ಖರ್ಚು ತರುವ ಯಾವ ಹೊಸ ವಿಸ್ತರಣೆಗೂ ಕೈಹಾಕಕೂಡದು, ಲೆಕ್ಕಪತ್ರಗಳನ್ನು ನಿಯತವಾಗಿ ಸರ್ಕಾರಕ್ಕೆ ಒಪ್ಪಿಸತಕ್ಕದ್ದು, ಇತ್ಯಾದಿ.

ಈ ಷರತ್ತುಗಳನ್ನು ಇಂದು ಓದುವವನಿಗೆ ಅವು ಅಷ್ಟೇನೂ ಕ್ರೂರವೆಂದು ತೋರಲಾರದು. ಸಾಲಗಾರನಿಗೆ ಧನಿಕನು ವಿಧಿಸುವ ಸಾಧಾರಣ ಕಟ್ಟಳೆಗಳಂತೆಯೇ ಅವು ಕಾಣುವುವು. ಆದರೆ ಆಶುತೋಷರು ಕಂಡದ್ದು ಬೇರೆ. ಯಾವ ವಿಭಾಗ ಬೆಳೆಯಬೇಕು, ಯಾವುದು ನಿಲ್ಲಬೇಕು ಎಂಬ ವಿದ್ಯಾವಿಷಯಕ ನಿರ್ಣಯವು ಲೆಕ್ಕದ ಮರೆಯಲ್ಲಿ ಸಚಿವಾಲಯಕ್ಕೆ ಹೋಗುವುದೆಂಬುದು ಅವರ ಆಕ್ಷೇಪಣೆಯ ಸಾರ. 1922ರ ಡಿಸೆಂಬರಿನಲ್ಲಿ ಸೆನೆಟ್ಟನ್ನುದ್ದೇಶಿಸಿ ಅವರು ಮಾಡಿದ ಭಾಷಣದಲ್ಲಿ, ಸ್ವಾತಂತ್ರ್ಯಕ್ಕೆ ಮೊದಲನೆಯ ಸ್ಥಾನವನ್ನೂ ಎರಡನೆಯ ಸ್ಥಾನವನ್ನೂ ಕೊಟ್ಟು, ಬಂಗಾಳ ಸರ್ಕಾರವನ್ನೂ ಭಾರತ ಸರ್ಕಾರವನ್ನೂ ಮರೆತು ವಿಶ್ವವಿದ್ಯಾನಿಲಯದ ಸದಸ್ಯರೆಂಬ ಒಂದೇ ನೆಲೆಯಲ್ಲಿ ನಿಂತು ತೀರ್ಮಾನಿಸಬೇಕೆಂದು ಸಹಸದಸ್ಯರನ್ನು ಕೇಳಿಕೊಂಡರು. ಆ ಭಾಷಣದ ಮೊದಲ ಭಾಗ ಬಹಳ ಪ್ರಸಿದ್ಧವಾಗಿದೆ. ಆದರೆ ಆಡಳಿತ ಸಭೆಗಳ ಧರ್ಮವನ್ನು ವಿಚಾರಿಸುವವರಿಗೆ ಎರಡನೆಯ ಭಾಗವೇ ಅಮೂಲ್ಯವಾದದ್ದು. ನಾಮಕರಣಗೊಂಡವನು ಸಭೆಯೊಳಗೆ ಕಾಲಿಟ್ಟ ಕ್ಷಣದಿಂದ ನೇಮಿಸಿದವರ ಆಳಲ್ಲ, ಸಂಸ್ಥೆಯ ಧರ್ಮದರ್ಶಿ ಎಂಬ ತತ್ತ್ವ ಅದರಲ್ಲಿ ಅಡಗಿದೆ. ಸೆನೆಟ್ ಷರತ್ತುಗಳನ್ನು ಒಪ್ಪಲಿಲ್ಲ. 1923ರ ಮಾರ್ಚಿನಲ್ಲಿ, ವಿಶ್ವವಿದ್ಯಾನಿಲಯದ ಶಾಸನವನ್ನು ತಿದ್ದುವ ಸರ್ಕಾರದ ಪ್ರಯತ್ನಕ್ಕೆ ಅಡ್ಡಬರಕೂಡದೆಂಬ ಧ್ವನಿಯಲ್ಲಿ ಗವರ್ನರ್ ಲಿಟ್ಟನ್ನರು ಕುಲಪತಿ ಪದವಿಯ ಮುಂದುವರಿಕೆಯನ್ನು ಸೂಚಿಸಿದಾಗ ಆಶುತೋಷರು ಅದನ್ನೂ ನಿರಾಕರಿಸಿದರು. ಆ ಸ್ಥಾನಕ್ಕೆ ಭೂಪೇಂದ್ರನಾಥ ಬಸು ಬಂದರು.

ಇಷ್ಟಕ್ಕೆ ನಿಲ್ಲಿಸಿದರೆ ಇದು ವೀರಗಾಥೆಯಾಗುವುದೇ ಹೊರತು ಸಂಶೋಧನೆಯಾಗದು. ವಿಶ್ವವಿದ್ಯಾನಿಲಯದ ಹಣಕಾಸಿನ ನಿರ್ವಹಣೆಯನ್ನು ಟೀಕಿಸಿದವರೆಲ್ಲರೂ ಸರ್ಕಾರದ ಪಕ್ಷದವರಾಗಿರಲಿಲ್ಲ. ರಮಾನಂದ ಚಟರ್ಜಿಯವರ ಸಂಪಾದಕತ್ವದ ‘ಮಾಡರ್ನ್ ರಿವ್ಯೂ’ ಮಾಸಿಕದಲ್ಲಿಯೇ ಕಠಿನವಾದ ವಿಮರ್ಶೆ ಬಂದಿತು. ಇತಿಹಾಸಕಾರ ಜದುನಾಥ ಸರ್ಕಾರರು ಆ ವಿಮರ್ಶಕರಲ್ಲಿ ಒಬ್ಬರು. ವರಮಾನ ಏರುತ್ತಿದ್ದ ವರ್ಷಗಳಲ್ಲಿ, ಶುಲ್ಕದಂಥ ಅಸ್ಥಿರವಾದ ಆದಾಯದ ಮೇಲೆ ಸ್ಥಿರವಾದ ಹುದ್ದೆಗಳನ್ನು ಕಟ್ಟುತ್ತ ಹೋಗುವಾಗ, ಇದು ನಿಂತರೆ ಗತಿಯೇನೆಂದು ಸೆನೆಟ್ ಬಲವಾಗಿ ಕೇಳಿದ್ದರೆ, ಆಪದ್ಧನವೊಂದನ್ನು ಪ್ರತ್ಯೇಕಿಸಿ ಇಟ್ಟಿದ್ದರೆ, ಮಂತ್ರಿಯ ಷರತ್ತಿನ ಅರ್ಧ ಬಲ ತಾನಾಗಿಯೇ ತಗ್ಗುತ್ತಿತ್ತು. ತನ್ನ ಲೆಕ್ಕವನ್ನು ತಾನೇ ನಿಷ್ಠುರವಾಗಿ ಪರೀಕ್ಷಿಸಿ ಸಾರ್ವಜನಿಕರ ಮುಂದೆ ಇಡುವ ಸಭೆಗೆ ಮಾತ್ರ, ನಮ್ಮ ಲೆಕ್ಕವನ್ನು ನೀವು ನೋಡಬೇಕಾಗಿಲ್ಲ ಎಂದು ಹೇಳುವ ಅಧಿಕಾರ ಪೂರ್ಣವಾಗಿ ಸಲ್ಲುತ್ತದೆ. ಆಶುತೋಷರ ನಿರಾಕರಣೆ ನ್ಯಾಯವಾದದ್ದೆಂದೇ ನನ್ನ ನಿಶ್ಚಿತ ಮತ. ಅದನ್ನು ಅಷ್ಟು ದುಬಾರಿಯಾಗಿಸಿದ ಹಿಂದಿನ ವರ್ಷಗಳ ಉದಾಸೀನತೆಗೂ ಅದೇ ಸೆನೆಟ್ ಬಾಧ್ಯವೆಂಬುದನ್ನೂ ಅಷ್ಟೇ ನಿಶ್ಚಯದಿಂದ ಹೇಳಬೇಕಾಗಿದೆ.

ಇನ್ನೊಂದು ಅಂಶವನ್ನು ಚರಿತ್ರಕಾರರು ಸಾಕಷ್ಟು ಗಮನಿಸಿಲ್ಲವೆಂದು ತೋರುತ್ತದೆ. ಸೆನೆಟ್ಟಿನಲ್ಲಿ ಕುಳಿತವರಲ್ಲಿ ನ್ಯಾಯಾಧೀಶರೂ ವಕೀಲರೂ ವೈದ್ಯರೂ ಹಲವರಿದ್ದರು. ಆಶುತೋಷರೇ ಹೈಕೋರ್ಟಿನ ನ್ಯಾಯಮೂರ್ತಿಗಳು. ನಿರಾಕರಣೆಯಿಂದ ಇವರ ಮನೆಯ ಒಲೆ ಆರುತ್ತಿರಲಿಲ್ಲ. ಅದರ ಬೆಲೆ ತೆತ್ತವರು ಕಿರಿಯ ಅಧ್ಯಾಪಕರು. ತತ್ತ್ವಕ್ಕಾಗಿ ನಿಲ್ಲುವ ಆಡಳಿತ ಸಭೆಯು ಆ ನಿಲುವಿನ ಭಾರ ಯಾರ ಹೆಗಲ ಮೇಲೆ ಬೀಳುವುದೆಂದು ಮೊದಲೇ ವಿಚಾರಿಸಿ, ಅವರನ್ನು ಕೇಳಿ, ಸಾಧ್ಯವಾದಷ್ಟು ಅವರನ್ನು ರಕ್ಷಿಸಿ ಮುಂದೆ ಹೆಜ್ಜೆಯಿಡುವುದು ದಯೆಯ ಮಾತಲ್ಲ. ಅದು ಕರ್ತವ್ಯದ ಒಂದು ಅಂಗ.

ಕನ್ನಡ ನಾಡಿಗೂ ಈ ಕಥೆಗೂ ಇರುವ ಸಂಬಂಧ ರಾಧಾಕೃಷ್ಣನ್ನರ ಪ್ರಯಾಣದಿಂದ ಮುಗಿಯುವುದಿಲ್ಲ. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಘಟಿಕೋತ್ಸವದಲ್ಲಿ, 1918ರಲ್ಲಿ, ಭಾಷಣ ಮಾಡಿದವರು ಆಶುತೋಷರೇ. ಬಂಗಾಳದ ದಾರ್ಶನಿಕ ಬ್ರಜೇಂದ್ರನಾಥ ಸೀಲರು 1920ರ ದಶಕದಲ್ಲಿ ಇಲ್ಲಿಯ ಕುಲಪತಿಯಾಗಿದ್ದರು. ಆದರೆ ಎರಡು ಸಂಸ್ಥೆಗಳ ಭದ್ರತೆಯ ನೆಲೆ ಬೇರೆಬೇರೆ. ಮೈಸೂರಿನಲ್ಲಿ ಕುಲಾಧಿಪತಿಗಳಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ ವಿದ್ಯಾಪಕ್ಷಪಾತವೇ ಸಂಸ್ಥೆಗೆ ಕೋಟೆಯಾಗಿದ್ದುದರಿಂದ, ಅಲ್ಲಿಯ ಕೌನ್ಸಿಲ್ ಮತ್ತು ಸೆನೆಟ್‌ಗಳಿಗೆ ಸಂಸ್ಥಾನದ ಖಜಾನೆಯೊಡನೆ ಕಲ್ಕತ್ತೆಯಂಥ ಸಂಘರ್ಷಕ್ಕೆ ಇಳಿಯುವ ಪ್ರಸಂಗವೊದಗಲಿಲ್ಲ. ಅದು ಭಾಗ್ಯವೇ ಸರಿ. ಆದರೆ ಆಶ್ರಯದಾತನ ಸೌಜನ್ಯ ಶಾಸನದಲ್ಲಿ ಬರೆದಿಟ್ಟ ಹಕ್ಕಲ್ಲ. ಆಶ್ರಯದಾತನು ಹೋಗಿ ಖಜಾನೆ ಮಾತ್ರ ಉಳಿದ ಮೇಲೆ, ನಮ್ಮ ವಿಶ್ವವಿದ್ಯಾನಿಲಯಗಳಿಗೆ ಅವಲಂಬನೆಯ ಅಭ್ಯಾಸ ಬಂದಿತೇ ವಿನಾ ನಿರಾಕರಣೆಯ ಅಭ್ಯಾಸ ಬರಲಿಲ್ಲ.

ಅತಿಥಿ ಉಪನ್ಯಾಸಕರನ್ನು ನೆಚ್ಚಿ ನಡೆಯುವ ವಿಭಾಗಗಳೂ, ವರ್ಷವರ್ಷಕ್ಕೆ ಬೆಳೆಯುವ ನಿವೃತ್ತಿವೇತನದ ಹೊರೆಯೂ ಇಂದು ಕರ್ನಾಟಕದ ಸಿಂಡಿಕೇಟ್ ಸಭೆಗಳ ಮುಂದಿರುವಾಗ, 2025ರಲ್ಲಿ ಸಚಿವ ಸಂಪುಟದ ಉಪಸಮಿತಿಯು ಕೆಲವೇ ವರ್ಷಗಳ ಹಿಂದೆ ಹುಟ್ಟಿದ ಒಂಬತ್ತು ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ವಿಚಾರವನ್ನೆತ್ತಿದಾಗ, ಕಲ್ಕತ್ತೆಯ ಪ್ರಸಂಗ ಹಳೆಯ ಕಡತವಾಗಿ ಉಳಿಯುವುದಿಲ್ಲ. ಹೊಸ ಸಂಸ್ಥೆಯೊಂದನ್ನು ಆರಂಭಿಸುವ ಅಥವಾ ಮುಚ್ಚುವ ಪ್ರಸ್ತಾಪ ಬಂದ ದಿನ, ನಾಮಕರಣ ಸದಸ್ಯರೂ ಸೇರಿದಂತೆ ಆಡಳಿತ ಸಭೆಯವರೆಲ್ಲರೂ ಸಂಸ್ಥೆಯ ಆದಾಯವೆಷ್ಟು ಸ್ಥಿರ, ಎಷ್ಟು ಚಂಚಲ, ಎಷ್ಟು ತಿಂಗಳ ವೇತನಕ್ಕೆ ನಿಧಿಯಿದೆ ಎಂಬುದನ್ನು ಲಿಖಿತವಾಗಿ ಕೇಳಿ, ಬಂದ ಉತ್ತರವನ್ನೂ ತಮ್ಮ ಭಿನ್ನಮತವಿದ್ದಲ್ಲಿ ಅದನ್ನೂ ನಡವಳಿಯಲ್ಲಿ ದಾಖಲಿಸಿ, ಆ ನಡವಳಿಯನ್ನು ಅಧ್ಯಾಪಕರೂ ವಿದ್ಯಾರ್ಥಿಗಳೂ ಓದುವಂತೆ ಪ್ರಕಟಿಸಬೇಕು. ಇದಕ್ಕಾಗಿ ಅವರು ಯಾವ ಹೊಸ ಶಾಸನಕ್ಕೂ ಕಾಯಬೇಕಾಗಿಲ್ಲ.