ಉಡಿಕಿ: ದನಿ ಇಳಿಸಿ ಹೇಳುವ ಮದುವೆಯ ಕಥೆ

ನಿಮ್ಮ ಮನೆಯ ಹಿರಿಯರನ್ನು ಕೂರಿಸಿಕೊಂಡು ವಂಶಾವಳಿ ಕೇಳಿ ನೋಡಿ. ಮುತ್ತಜ್ಜ, ಅಜ್ಜ, ದೊಡ್ಡಪ್ಪ ಅಂತ ಗಟ್ಟಿಯಾಗಿ ಹೇಳುತ್ತಾ ಹೋದವರು ಒಂದು ಹೆಸರಿನ ಹತ್ತಿರ ದನಿ ಇಳಿಸುತ್ತಾರೆ. "ಆಕಿ ಉಡಿಕಿ ಆಗಿ ಬಂದಾಕಿ" ಅಂದು ಮುಂದಿನ ಹೆಸರಿಗೆ ಹೋಗಿಬಿಡುತ್ತಾರೆ. ಸುದ್ದಿಗಾಗಿ ಹಳ್ಳಿ ತಿರುಗುವಾಗ ನಾವು ಈ ಮಾತು ಎಷ್ಟೋ ಸಲ ಕೇಳಿದ್ದೇವೆ. ದನಿ ಯಾಕೆ ಇಳಿಯುತ್ತದೆ ಅಂತ ಹುಡುಕಿದಾಗ ಸಿಕ್ಕಿದ್ದು ಈ ಇತಿಹಾಸ.

ಗಂಡ ಸತ್ತ ಅಥವಾ ಗಂಡನನ್ನು ಬಿಟ್ಟ ಹೆಣ್ಣು ಮತ್ತೆ ಒಬ್ಬನ ಜೊತೆ ಬಾಳುವೆ ಮಾಡುವುದಕ್ಕೆ ನಮ್ಮ ಉತ್ತರ ಕರ್ನಾಟಕದಲ್ಲಿ ಉಡಿಕಿ ಅನ್ನುತ್ತಾರೆ. ಹಳೇ ಮೈಸೂರಿನ ಕಡೆ ಅದೇ ಕೂಡಿಕೆ, ಸೀರುಡಿಕೆ. ಹೊಸ ಸೀರೆ ಉಡಿಸುವುದೇ ಇಲ್ಲಿ ಮುಖ್ಯ ಶಾಸ್ತ್ರ, ಹೆಸರು ಬಂದದ್ದೂ ಅದರಿಂದಲೇ. ಕುರುಬರು, ಬೇಡರು, ಲಿಂಗಾಯತರ ಹಲವು ಪಂಗಡಗಳು, ಹೀಗೆ ದುಡಿದು ತಿನ್ನುವ ಬಹಳಷ್ಟು ಜಾತಿಗಳಲ್ಲಿ ಇದು ತಲೆತಲಾಂತರದಿಂದ ಇತ್ತು. ಹೆಣ್ಣಿಗೆ ಜೊತೆ ಬೇಕು, ಅದು ಒಂದು ಸಾವಿಗೆ ಮುಗಿದುಹೋಗುವುದಿಲ್ಲ ಅಂತ ಯಾವ ಕಾಯ್ದೆಯೂ ಇಲ್ಲದೆ ನಮ್ಮ ಹಿರೀಕರು ಒಪ್ಪಿದ್ದರು.

ಆದರೆ ಒಪ್ಪಿದ್ದು ಅರೆಮನಸ್ಸಿನಿಂದ. ಉಡಿಕಿಗೆ ಹಂದರವಿಲ್ಲ, ವಾಲಗವಿಲ್ಲ. ಕತ್ತಲಾದ ಮೇಲೆ ದೈವದ ನಾಲ್ಕು ಮಂದಿ ಹಿರಿಯರ ಎದುರು ಮುಗಿಸುತ್ತಿದ್ದರು. ಮುತ್ತೈದೆಯರು ದೂರ ನಿಲ್ಲುತ್ತಿದ್ದರು. ತೆರವೂ ಕಡಿಮೆ. ಮುಂದೆ ಬೇರೆಯವರ ಮದುವೆಯಲ್ಲಿ ಆಕೆ ಅರಿಷಿಣ ಹಚ್ಚುವಂತಿಲ್ಲ. ಕೆಲವು ಜಾತಿಗಳಲ್ಲಿ ಆಕೆಯ ಮಕ್ಕಳನ್ನು 'ಕೂಡಿಕೆ ಸಾಲು' ಅಂತ ಬೇರೆಯೇ ಎಣಿಸುತ್ತಿದ್ದರು. ಹೆಂಡತಿ ಸತ್ತ ಗಂಡಸು ಮಾತ್ರ ಎರಡನೇ ಸಲವೂ ಬಾಸಿಂಗ ಕಟ್ಟಿಕೊಂಡು ಹಗಲಲ್ಲೇ ಮೆರೆಯಬಹುದಿತ್ತು.

ಆ ಮೆರವಣಿಗೆಗೂ ಒಂದು ಕಡೆ ತಡೆ ಹಾಕಬೇಕಾಯಿತು. 1894ರಲ್ಲಿ ಮೈಸೂರು ಸಂಸ್ಥಾನ ಶಿಶು ವಿವಾಹ ತಡೆಯುವ ಕಾನೂನು ತಂದಿತು. 8 ವರ್ಷದೊಳಗಿನ ಹುಡುಗಿಯ ಮದುವೆ ಮಾಡಬಾರದು. 50 ದಾಟಿದ ಗಂಡಸು 14ರೊಳಗಿನ ಹುಡುಗಿಯನ್ನು ಮದುವೆಯಾಗಬಾರದು. ಐವತ್ತು ದಾಟಿದವನಿಗೂ ಹೆಣ್ಣಿನ ಆಸೆ ಇರುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಅದೇ ವಯಸ್ಸಿನ ಹೆಣ್ಣಿನ ಆಸೆಯ ಮಾತು ಮಾತ್ರ ಯಾರೂ ಎತ್ತಲಿಲ್ಲ.

ಈಗ ಹೊಲದ ಮಾತು. ಕಥೆಯ ಗಂಟು ಇರುವುದೇ ಇಲ್ಲಿ.

1856ರಲ್ಲಿ ಈಶ್ವರಚಂದ್ರ ವಿದ್ಯಾಸಾಗರರ ಹೋರಾಟದಿಂದ ಹಿಂದೂ ವಿಧವಾ ಪುನರ್ವಿವಾಹ ಕಾಯ್ದೆ ಬಂತು. ಮದುವೆಯೇ ನಿಷಿದ್ಧವಾಗಿದ್ದ ಮೇಲ್ಜಾತಿಯ ಹೆಣ್ಣುಮಕ್ಕಳಿಗೆ ಅದು ಬಾಗಿಲು ತೆರೆಯಿತು. ಆದರೆ ಅದರ 2ನೇ ಕಲಮು, ಮತ್ತೆ ಮದುವೆಯಾದವಳು ಸತ್ತ ಗಂಡನ ಆಸ್ತಿಯ ಮೇಲಿನ ಹಕ್ಕು ಬಿಡಬೇಕು ಅಂದಿತು. ಹಾಗಾದರೆ ಮೊದಲಿನಿಂದಲೂ ಉಡಿಕಿ ಇದ್ದ ಜಾತಿಗಳವರ ಗತಿ? ಅವರಿಗೆ ಇದು ಅನ್ವಯಿಸುವುದಿಲ್ಲ ಅಂತ ಅಲಹಾಬಾದ್ ಹೈಕೋರ್ಟ್ ಹೇಳಿತು. ಬಾಂಬೆ ಮತ್ತು ಮದ್ರಾಸ್ ಹೈಕೋರ್ಟುಗಳು, ಅವರೂ ಆಸ್ತಿ ಬಿಡಬೇಕು ಅಂದವು. ನಮ್ಮ ಧಾರವಾಡ, ಬೆಳಗಾವಿ, ವಿಜಯಪುರ ಆಗ ಬಾಂಬೆ ಪ್ರಾಂತದಲ್ಲಿದ್ದವು, ಬಳ್ಳಾರಿ ಮದ್ರಾಸಿನಲ್ಲಿತ್ತು.

ಇನ್ನೊಂದು ತಮಾಷೆ ನೋಡಿ. ಗಂಡನ ಆಸ್ತಿ ಒಮ್ಮೆ ಕೈಗೆ ಬಂದ ವಿಧವೆ ಆಮೇಲೆ ಯಾರ ಜೊತೆಗೋ ಸಂಬಂಧ ಇಟ್ಟುಕೊಂಡರೂ ಆ ಆಸ್ತಿ ಹೋಗುವುದಿಲ್ಲ ಅಂತ 1880ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿತ್ತು. ಎರಡನ್ನೂ ಕೂಡಿಸಿ ಓದಿ. ಕದ್ದು ಕೂಡಿದರೆ ಹೊಲ ಉಳಿಯುತ್ತದೆ, ದೈವದ ಎದುರು ಸೀರೆ ಉಟ್ಟರೆ ಹೊಲ ಹೋಗುತ್ತದೆ. ಮೂವತ್ತರ ಹೆಣ್ಣುಮಗಳು, ಎರಡು ಮಕ್ಕಳು, ನಾಲ್ಕು ಎಕರೆ ಎರೆ ಹೊಲ ಇದ್ದರೆ ಯಾವುದನ್ನು ಆರಿಸಿಕೊಂಡಾಳು? ಆಮೇಲೆ "ಇಟ್ಟುಕೊಂಡವಳು" ಅಂತ ಊರು ಆಡಿಕೊಂಡಿತು. ಮೈದುನರು ಅದೇ ಮಾತನ್ನು ಹೊಲ ಕೇಳುವ ದಾರಿ ಮಾಡಿಕೊಂಡರು.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಇದನ್ನು ತಿರುಗಿಸಿತು. ಗಂಡನಿಂದ ಬಂದ ಪಾಲಿಗೆ ಹೆಂಡತಿಯೇ ಪೂರ್ಣ ಒಡತಿ. ಪಾಲು ಬಂದ ಮೇಲೆ ಮದುವೆಯಾದರೂ ಅದನ್ನು ಯಾರೂ ಕಸಿಯುವಂತಿಲ್ಲ. ಮಗನ ವಿಧವೆ ಮೊದಲೇ ಮತ್ತೆ ಮದುವೆಯಾಗಿದ್ದರೆ ಮಾವನ ಆಸ್ತಿಯಲ್ಲಿ ಪಾಲಿಲ್ಲ ಅನ್ನುತ್ತಿದ್ದ ಕಲಮನ್ನೂ 2005ರಲ್ಲಿ ತೆಗೆದರು. 1856ರ ಕಾಯ್ದೆಯೇ 1983ರಲ್ಲಿ ರದ್ದಾಗಿದೆ. ಆದರೂ "ಮತ್ತ ಮದುವಿ ಆದ್ರ ಹೊಲ ಹೋಗತೈತಿ" ಅನ್ನುವ ಮಾತು ಕಟ್ಟೆಯ ಮೇಲೆ ಇವತ್ತಿಗೂ ಸತ್ತಿಲ್ಲ. ಓದುವ ಅಕ್ಕಂದಿರು ಇದನ್ನು ನೆನಪಿಡಿ: ಹೋಗುವುದಿಲ್ಲ.

ಹೋಗುವುದು ವಿಧವಾ ವೇತನ. ಮರುಮದುವೆಯಾದರೆ ಅದು ನಿಲ್ಲುತ್ತದೆ.

ನಮಗೆ ಪರಿಚಯದ ಒಬ್ಬ ಅಮ್ಮ ಇದ್ದಾರೆ, ಐವತ್ತು ದಾಟಿದವರು. ಪಕ್ಕದ ಓಣಿಯ ಹಿರಿಯರೊಬ್ಬರ ಜೊತೆ ಅವರ ಒಡನಾಟ ಹಲವು ವರ್ಷದ್ದು. ಅವರು ಜ್ವರ ಬಂದು ಮಲಗಿದಾಗ ರಾತ್ರಿಯೆಲ್ಲ ಕೂತು ನೋಡಿಕೊಂಡವರು ಇವರೇ. ಆದರೂ ಬೆಳಕು ಹರಿಯುವ ಮೊದಲು ಎದ್ದು ಮನೆಗೆ ಬರುತ್ತಾರೆ. "ಉಡಿಕಿ ಆದ್ರ ಪಗಾರ ನಿಲ್ಲತೈತಿ. ಮಕ್ಕಳು ಮಾತು ಬಿಡತಾರ. ಹಿಂಗ ಇರೂದ ಚಲೋ" ಅಂದರು. ಮುಖದಲ್ಲಿ ನಾಚಿಕೆ ಇರಲಿಲ್ಲ, ಲೆಕ್ಕ ಇತ್ತು. ನೂರು ವರ್ಷದ ಹಿಂದೆ ಹೊಲದ ಮೇಲೆ ಹಾಕಿದ ಲೆಕ್ಕವೇ ಈಗ ಪಾಸ್‌ಬುಕ್ಕಿನ ಮೇಲೆ ಬಂದಿದೆ.

ನಿಮ್ಮ ಮನೆತನದಲ್ಲೂ ಉಡಿಕಿ ಆಗಿ ಬಂದ ಅಜ್ಜಿ ಇದ್ದಿರಬಹುದು. ಮುಂದಿನ ಸಲ ಆಕೆಯ ಹೆಸರು ಬಂದಾಗ ಗಟ್ಟಿಯಾಗಿಯೇ ಕೇಳಿ.